ಕಲ್ಯಾಣದ ಮದುವೆ, ಬಿಳಿಗಿರಿಯ ಮದುವೆ

ಉಡಿಗಾಲದ ಸುತ್ತಣ ಚಾಮರಾಜನಗರ-ಗುಂಡ್ಲುಪೇಟೆಗಳ ಸೀಮೆಗೆ ಕಲ್ಯಾಣ ಪಟ್ಟಣವು ಬಹುದೂರ. ಆದರೂ ಕಲ್ಯಾಣದ ಕಥೆ ಇಲ್ಲಿಯ ಜನಕ್ಕೆ ಹೊಸದಲ್ಲ. ಮಂಟೇಸ್ವಾಮಿಯ ಕಾವ್ಯವನ್ನು ಹಾಡುವ ನೀಲಗಾರರು ತಂಬೂರಿಯೊಡನೆ ಅದನ್ನು ಊರೂರಿಗೆ ತಂದಿದ್ದಾರೆ. ಅವರ ಹಾಡಿನಲ್ಲಿ ಮಂಟೇಸ್ವಾಮಿಯು ಹೇಸಿಕೆ ಹುಟ್ಟಿಸುವ ವೇಷದಲ್ಲಿ ಬಸವಣ್ಣನವರ ಬಾಗಿಲಿಗೆ ಬಂದು ಶರಣರ ನಡೆನುಡಿಗಳನ್ನು ಒರೆಗೆ ಹಚ್ಚುತ್ತಾನೆ. ಪುರಾಣಪರಂಪರೆಯಲ್ಲಿ ಅಂಥದೇ ಒಂದು ಒರೆಗಲ್ಲು ಮದುವೆಯ ರೂಪದಲ್ಲಿ ಬಂದಿದೆ.

ಸಮಗಾರ ಹರಳಯ್ಯನ ಮಗ ಶೀಲವಂತ. ಬಿಜ್ಜಳನ ಮಂತ್ರಿಯೂ ಬ್ರಾಹ್ಮಣನೂ ಆದ ಮಧುವರಸನ ಮಗಳನ್ನು ಅವನಿಗೆ ಕೊಟ್ಟು ಶರಣರು ಲಗ್ನ ನೆರವೇರಿಸಿದರು. ಅದಕ್ಕಾಗಿ ಬಿಜ್ಜಳನು ತಂದೆಯರಿಬ್ಬರನ್ನೂ ಎಳೆಹೂಟೆಗೆ ಗುರಿಪಡಿಸಿದನು. ಪ್ರಚಲಿತ ಕಥೆ ಇದು. ಇದರ ಚಾರಿತ್ರಿಕ ಆಧಾರವನ್ನು ಹುಡುಕಿದರೆ ಸಿಗುವುದು ಅಲ್ಪ. 1260ರ ಅರ್ಜುನವಾಡದ ಶಾಸನವು ಬಸವಣ್ಣನವರ ವಂಶವನ್ನು ತಿಳಿಸುವುದೇ ಹೊರತು ಈ ಮದುವೆಯ ಮಾತೆತ್ತುವುದಿಲ್ಲ. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲಿ ಬಿಜ್ಜಳನು ಇಬ್ಬರು ಭಕ್ತರ ಕಣ್ಣು ಕೀಳಿಸಿದ ಪ್ರಸಂಗವುಂಟು. ಮದುವೆಯ ವಿವರಗಳು ಬೆಳೆದುದು ಅನಂತರದ ಗ್ರಂಥಗಳಲ್ಲಿ. ವಧುವಿನ ಹೆಸರು ಕೂಡ ಒಂದೆಡೆ ಲಾವಣ್ಯವತಿ, ಮತ್ತೊಂದೆಡೆ ಕಲಾವತಿ. ಹಾಗೆಂದು ಇದನ್ನು ಬರಿಯ ಕವಿಕಲ್ಪನೆಯೆಂದು ತಳ್ಳಿಹಾಕುವುದು ಅವಸರದ ಮಾತಾದೀತು. ಇಬ್ಬರನ್ನೂ ಒಟ್ಟಿಗೆ ದಂಡಿಸಿದ ನೆನಪು ಹಳೆಯದು. ಅವರನ್ನು ಒಟ್ಟುಗೂಡಿಸಿದುದು ಯಾವುದೆಂಬ ಪ್ರಶ್ನೆಗೆ ಪರಂಪರೆಯು ಕೊಡುವ ಉತ್ತರ ಬೀಗತನ.

ಈ ಮದುವೆ ಅಷ್ಟು ಘೋರ ಅಪರಾಧವೆನಿಸಿದುದೇಕೆ? ಧರ್ಮಶಾಸ್ತ್ರಗಳು ವರ್ಣಾಂತರ ವಿವಾಹಗಳೆಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಿಲ್ಲ. ಮೇಲಿನ ವರ್ಣದ ಗಂಡು ಕೆಳಗಿನ ವರ್ಣದ ಹೆಣ್ಣನ್ನು ವರಿಸುವ ಅನುಲೋಮವನ್ನು ಅರೆಮನಸ್ಸಿನಿಂದಲಾದರೂ ಸಹಿಸಿದುವು. ಇದಕ್ಕೆ ವಿರುದ್ಧವಾದ ಪ್ರತಿಲೋಮವನ್ನು ಅತ್ಯಂತ ನಿಂದ್ಯವೆಂದು ಬಗೆದುವು. ಬ್ರಾಹ್ಮಣ ಸ್ತ್ರೀಗೆ ಶೂದ್ರನಿಂದ ಹುಟ್ಟಿದವನನ್ನು ಚಂಡಾಲನೆಂದು ಮನುಸ್ಮೃತಿ ಕರೆಯಿತು. ಕಲ್ಯಾಣದ ಮದುವೆ ಈ ಎರಡನೆಯ ಬಗೆಯದು. ಶರಣರ ದೃಷ್ಟಿಯಲ್ಲಿಯಾದರೋ ಅಲ್ಲಿ ವರ್ಣಸಂಕರದ ಪ್ರಶ್ನೆಯೇ ಏಳುವಂತಿರಲಿಲ್ಲ. ಲಿಂಗದೀಕ್ಷೆಯಿಂದ ಪೂರ್ವಾಶ್ರಯ ಅಳಿದ ಮೇಲೆ ಹರಳಯ್ಯ ಸಮಗಾರನಲ್ಲ, ಮಧುವರಸ ಬ್ರಾಹ್ಮಣನಲ್ಲ. ಇಬ್ಬರೂ ಭಕ್ತರು, ಸಮಾನ ಕುಲದವರು. ಅರಮನೆಯು ಕಂಡುದು ಹುಟ್ಟನ್ನು, ಮಹಾಮನೆಯು ಕಂಡುದು ದೀಕ್ಷೆಯನ್ನು. ಈ ಎರಡು ನೋಟಗಳ ನಡುವೆ ರಾಜಿಗೆ ಎಡೆಯಿರಲಿಲ್ಲ. 1167ರ ಸುಮಾರಿಗೆ ಬಿಜ್ಜಳನ ಆಳಿಕೆ ಮುಗಿಯಿತು, ಶರಣರು ಚದುರಿದರು.

ಚಾಮರಾಜನಗರ ಸೀಮೆಯಲ್ಲಿಯೇ ಜನಪದರು ಹಾಡಿ ಕೊಂಡಾಡುವ ಮತ್ತೊಂದು ಮದುವೆಯುಂಟು. ಬಿಳಿಗಿರಿರಂಗನು ಸೋಲಿಗರ ಹೆಣ್ಣು ಕುಸುಮಾಲೆಗೆ ಮನಸೋತು ಅವಳನ್ನು ವರಿಸಿದನೆಂಬ ಕಥೆ ಅದು. ಅದರಿಂದಾಗಿ ಬೆಟ್ಟದ ಸೋಲಿಗರಿಗೆ ರಂಗನಾಥನು ಭಾವ. ಕಾಡಿನ ಕುಲವೊಂದು ದೇವರ ಬೀಗರಾಗಿ ನಿಂತ ಈ ಕಥೆಯ ಸೊಗಸು ಅಲ್ಲಗಳೆಯುವಂಥದಲ್ಲ. ಆದರೆ ಇಲ್ಲಿ ಮೇಲಿನವನು ಗಂಡು, ಕಾಡಿನವಳು ಹೆಣ್ಣು. ಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಅನುಲೋಮದ ದಾರಿ. ಕಥೆ ಹಾಡಾಗಿ ಹರಿಯಿತು, ಯಾರ ರಕ್ತವೂ ಚೆಲ್ಲಲಿಲ್ಲ.

ಅದೇ ಬೆಟ್ಟಕ್ಕೆ ಸಂಬಂಧಿಸಿದ ಇನ್ನೊಂದು ಸಂಪ್ರದಾಯವು ಹರಳಯ್ಯನ ಕಥೆಯನ್ನು ಬಲ್ಲವರನ್ನು ತಡೆದು ನಿಲ್ಲಿಸುತ್ತದೆ. ಬೂದಿತಿಟ್ಟು ಗ್ರಾಮದ ಮಾದಿಗರು ಎರಡು ವರ್ಷಕ್ಕೊಮ್ಮೆ ರಂಗನಾಥನಿಗೆ ದೊಡ್ಡದೊಂದು ಜೊತೆ ಚರ್ಮದ ಪಾದರಕ್ಷೆಗಳನ್ನು ಮಾಡಿ ಒಪ್ಪಿಸುವುದು ಪದ್ಧತಿ. ಹರಳಯ್ಯ ದಂಪತಿಗಳು ತಮ್ಮ ತೊಡೆಯ ಚರ್ಮದಿಂದಲೇ ಪಾದರಕ್ಷೆ ಮಾಡಿ ಬಸವಣ್ಣನವರಿಗೆ ಅರ್ಪಿಸಿದರೆಂದೂ, ಅವರು ಅದನ್ನು ಮೆಟ್ಟಲು ತಾವು ಯೋಗ್ಯರಲ್ಲವೆಂದರೆಂದೂ ಐತಿಹ್ಯ. ಎರಡು ಕಡೆಯೂ ಚರ್ಮಕಾರನ ಕೈಕೆಲಸಕ್ಕೆ ಪೂಜ್ಯತೆ ದೊರೆತಿದೆ. ಬೆಟ್ಟದಲ್ಲಿ ಆ ಸಂಬಂಧ ಪಾದರಕ್ಷೆಯ ಕಾಣಿಕೆಯಲ್ಲಿ ನಿಂತಿತು. ಕಲ್ಯಾಣದಲ್ಲಿ ಅದು ಮುಂದುವರಿದು, ಪಾದರಕ್ಷೆ ಮಾಡಿದವನ ಮನೆಗೆ ಮಂತ್ರಿಯ ಮಗಳು ಸೊಸೆಯಾಗಿ ಬಂದಳು.