ಎರಡು ಮಾತ್ರೆ, ಹನ್ನೆರಡು ವರ್ಷ

ರೋಗ ಶ್ವಾಸಕೋಶದ್ದು, ಲಸಿಕೆ ಹೊಟ್ಟೆಗೆ! ಕೇಳೋಕೆ ವಿಚಿತ್ರ ಅನ್ಸುತ್ತೆ ಅಲ್ವಾ? ಅಮೆರಿಕದ ಸೇನೆ 1971ರಿಂದಲೇ ತನ್ನ ಹೊಸ ಸೈನಿಕರಿಗೆ ಇದನ್ನು ಕೊಡುತ್ತಿತ್ತು.

ತರಬೇತಿಯ ಹುಡುಗರು ಒಂದೇ ಬ್ಯಾರಕ್‌ನಲ್ಲಿ ಒತ್ತೊತ್ತಾಗಿ ಮಲಗಬೇಕು. ಒಬ್ಬ ಕೆಮ್ಮಿದರೆ ಅಡಿನೋವೈರಸ್ ಇಡೀ ತುಕಡಿಗೇ ಹರಡುತ್ತಿತ್ತು. ಪರಿಹಾರ ಎರಡು ಮಾತ್ರೆ. ಒಂದರಲ್ಲಿ 4ನೇ ಬಗೆಯ ಜೀವಂತ ವೈರಸ್, ಇನ್ನೊಂದರಲ್ಲಿ 7ನೇ ಬಗೆಯದು. ಮೇಲೆ ಜಠರದ ಆಮ್ಲಕ್ಕೆ ಕರಗದ ಲೇಪನ. ವೈರಸ್ ಕರುಳು ತಲುಪಿ ಅಲ್ಲೇ ಬೆಳೆಯುತ್ತೆ. ಶ್ವಾಸಕೋಶಕ್ಕೆ ತೊಂದರೆಯಿಲ್ಲ, ದೇಹಕ್ಕೆ ಮಾತ್ರ ರೋಗನಿರೋಧಕ ಶಕ್ತಿ ಸಿಗುತ್ತೆ.

ಕಾಯಿಲೆ ಹತೋಟಿಗೆ ಬಂತು. ಆದರೆ ಈ ಮಾತ್ರೆ ಮಾಡುತ್ತಿದ್ದುದು ಒಂದೇ ಒಂದು ಕಂಪನಿ, ವೈಯತ್. ಹಳೆಯ ಘಟಕದ ನವೀಕರಣಕ್ಕೆ ದುಡ್ಡು ಹಾಕೋರು ಯಾರು ಅನ್ನೋದು ಬಗೆಹರಿಯಲೇ ಇಲ್ಲ. 1996ರಲ್ಲಿ ತಯಾರಿಕೆ ನಿಂತಿತು, 1999ಕ್ಕೆ ದಾಸ್ತಾನು ಖಾಲಿ. ಜ್ವರ ಮರಳಿತು. ಕೆಲವು ಹುಡುಗರು ಸತ್ತೇ ಹೋದರು.

ಬೇರೆ ಕಂಪನಿಯ ಮಾತ್ರೆಗೆ ಅನುಮತಿ ಸಿಕ್ಕಿದ್ದು 2011ರಲ್ಲಿ. ಕೊಟ್ಟ ಕೂಡಲೇ ಕಾಯಿಲೆ ಮತ್ತೆ ಇಳಿಯಿತು.

ಇವತ್ತು ಉಸಿರಾಟದ ಸೋಂಕುಗಳಿಗೆ ಹೊಸ ಬಾಯಿ ಲಸಿಕೆ ಹುಡುಕುವವರು ಈ ಕಥೆಯನ್ನೂ ಓದಬೇಕು. ಮದ್ದು ಗೊತ್ತಿತ್ತು, ಮಾಡೋರು ಇರಲಿಲ್ಲ. ಆ ಹನ್ನೆರಡು ವರ್ಷಗಳ ಲೆಕ್ಕ ಯಾರು ಕೊಡ್ತಾರೆ?