ಇಸ್ಪೀಟೆಲೆಯ ಬೆನ್ನು

ಹೋದ ವರ್ಷ ನಮ್ಮ ಶಾಲೆಯ ಪುಸ್ತಕಭಂಡಾರಕ್ಕೆ ಕಂಪ್ಯೂಟರ್ ಬಂತು. ಕಾರ್ಡುಗಳನ್ನಿಡುತ್ತಿದ್ದ ಮರದ ಖಾನೆಪೆಟ್ಟಿಗೆ ಗುಜರಿಗೆ ಹೋಯಿತು. ಕಾರ್ಡುಗಳನ್ನು ಲೆಕ್ಕ ಬಿಡಿಸಲೆಂದು ಮಕ್ಕಳಿಗೆ ಹಂಚಿಬಿಟ್ಟರು. ಮಾರನೆಯ ದಿನ ಐದನೆಯ ತರಗತಿಯ ಹುಡುಗಿಯೊಬ್ಬಳು ಗುಣಾಕಾರ ತೋರಿಸಲು ತಂದ ಕಾರ್ಡನ್ನು ತಿರುಗಿಸಿ ನೋಡುತ್ತೇನೆ, ನನ್ನದೇ ಅಕ್ಷರ!

ಮೂವತ್ತು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಹೊಸದರಲ್ಲಿ, ಸಂಜೆ ಗಂಟೆ ಹೊಡೆದ ಮೇಲೆ ಕೂತು ಎರಡು ಸಾವಿರಕ್ಕೂ ಮೇಲೆ ಕಾರ್ಡು ಬರೆದಿದ್ದೆ. ಒಂದೊಂದು ಪುಸ್ತಕಕ್ಕೂ ಲೇಖಕರ ಹೆಸರಿನದೊಂದು, ಪುಸ್ತಕದ ಹೆಸರಿನದೊಂದು, ವಿಷಯದ್ದೊಂದು. ಮಗು ಯಾವುದನ್ನು ನೆನಪಿಟ್ಟುಕೊಂಡು ಬಂದರೂ ಪುಸ್ತಕ ಸಿಗಬೇಕು. ಹೊಸ ಪುಸ್ತಕ ಬಂದರೆ ಅಕಾರಾದಿಯಲ್ಲಿ ಅದರ ಜಾಗಕ್ಕೊಂದು ಕಾರ್ಡು ಸಿಕ್ಕಿಸಿದರಾಯಿತು. ದಪ್ಪ ರಿಜಿಸ್ಟರಿನಲ್ಲಾದರೆ ಅಂಚಿನಲ್ಲಿ ಗೀಚಬೇಕಿತ್ತು.

ಕಾರ್ಡಿನ ಬೆನ್ನ ಮೇಲೆ ಬರೆಯುವುದೇನೂ ಹೊಸದಲ್ಲ ಬಿಡಿ. ಫ್ರಾನ್ಸಿನ ಕ್ರಾಂತಿಯ ಕಾಲದಲ್ಲಿ, 1789ರಲ್ಲಿ, ಚರ್ಚಿನ ಆಸ್ತಿಯೆಲ್ಲ ಸರ್ಕಾರದ ವಶಕ್ಕೆ ಬಂತು. ಜೊತೆಗೆ ಮಠಗಳ ಪುಸ್ತಕಗಳ ಬೆಟ್ಟ. 1791ರಲ್ಲಿ ಅದರ ಪಟ್ಟಿ ಮಾಡಲು ಸೂಚನೆ ಹೊರಟಿತು: ಇಸ್ಪೀಟೆಲೆ ತನ್ನಿ. ಆಗಿನ ಎಲೆಗಳ ಬೆನ್ನು ಖಾಲಿ ಇರುತ್ತಿತ್ತು. ಅದರ ಮೇಲೆ ಪುಸ್ತಕದ ವಿವರ ಬರೆದು, ಲೇಖಕನ ಹೆಸರಿನ ಕೆಳಗೆ ಗೆರೆ ಎಳೆದು, ಅಕ್ಷರಾನುಕ್ರಮದಲ್ಲಿ ಜೋಡಿಸಿ, ಕೆಳಗಿನ ಎಡಮೂಲೆಗೆ ಸೂಜಿ ಚುಚ್ಚಿ ದಾರ ಪೋಣಿಸಬೇಕು. ಹೂ ಪೋಣಿಸಿ ಅಭ್ಯಾಸವಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜೂಜಿನ ರಾಜ ರಾಣಿಯರ ಬೆನ್ನ ಮೇಲೆ ಧರ್ಮಗ್ರಂಥಗಳು!

ಮುಂದೆ ಈ ಕೆಲಸ ಹೆಂಗಸರ ಕೈಗೆ ಬಂದ ಕತೆ ಅಮೆರಿಕದ್ದು. ಪುಸ್ತಕಗಳಿಗೆ ದಶಮಾಂಶದ ಅಂಕಿ ಕೊಟ್ಟ ಮೆಲ್ವಿಲ್ ಡ್ಯೂಯಿ 1887ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ಕಾಲೇಜಿನಲ್ಲಿ ಗ್ರಂಥಪಾಲಕರ ಶಾಲೆ ತೆರೆದ. 20 ಮಂದಿಯಲ್ಲಿ 17 ಹೆಂಗಸರು. ಆಡಳಿತದವರು ಹೆಂಗಸರಿಗೆ ತರಗತಿಯ ಕೋಣೆ ಕೊಡಲೊಪ್ಪದೆ, ಪಾಠ ಉಗ್ರಾಣದಲ್ಲಿ ನಡೆಯಿತು. ಅಂಥ ಶಾಲೆಗಳಲ್ಲಿ ಕಾರ್ಡಿಗೆಂದೇ ಒಂದು ಬರವಣಿಗೆ ಕಲಿಸುತ್ತಿದ್ದರು. ಸೊಗಸು ಬೇಡ, ಎಲ್ಲರ ಅಕ್ಷರವೂ ಒಂದೇ ಥರ ಇರಬೇಕು, ಅಷ್ಟೆ. ಲಕ್ಷಗಟ್ಟಲೆ ಕಾರ್ಡು ಬರೆದ ಆ ಕೈ ಯಾರದೆಂದು ಯಾವ ಕಾರ್ಡಿನಲ್ಲೂ ಇಲ್ಲ. ಡ್ಯೂಯಿಯ ಹೆಸರೇನೋ ಪದಕದ ಮೇಲೂ ಇತ್ತು. ಹೆಂಗಸರೊಡನೆ ಆತನ ನಡತೆಯೂ ಸೇರಿದಂತೆ ಹಳೆಯ ದೂರುಗಳನ್ನು ನೆನೆದು, 2019ರಲ್ಲಿ ಅಮೆರಿಕದ ಗ್ರಂಥಾಲಯ ಸಂಘ ಅದನ್ನು ತೆಗೆಯಿತು. ತಡವಾಗಿ, ಆದರೂ ತೆಗೆಯಿತು.

ಹುಡುಗಿಯ ಗುಣಾಕಾರ ಸರಿಯಿತ್ತು. ಕಾರ್ಡನ್ನು ತಿರುಗಿಸಿ ಓದಿ, "ಮಿಸ್, ಈ ಹಕ್ಕಿ ಪುಸ್ತಕ ನಮ್ಮಲ್ಲಿದೆಯಾ?" ಎಂದಳು. ಕಂಪ್ಯೂಟರಿನಲ್ಲಿ ಹುಡುಕಿದೆವು. ಆ ಹೆಸರನ್ನು ಯಾರೋ ತಪ್ಪಾಗಿ ಒತ್ತಿದ್ದರೋ, ಬಿಟ್ಟೇ ಬಿಟ್ಟಿದ್ದರೋ, ಸಿಗಲಿಲ್ಲ. ಕಾರ್ಡಿನ ಮೂಲೆಯಲ್ಲಿ ನಾನೇ ಬರೆದ ಅಂಕಿ ಹಿಡಿದು ಹೋದೆವು. ಮೂರನೆಯ ಬೀರುವಿನ ಕೆಳಗಿನ ಅರೆಯಲ್ಲಿತ್ತು.