ಉಪ್ಪು ಮೊದಲೋ ಕೊನೆಗೋ: ಸೌತೆಕಾಯಿಯ ಎರಡು ನಾಡಿನ ಕಥೆ

ವಿಜಯನಗರದ ಬಡಾವಣೆಗಳ ನಡುವೆ ಹೆಸರಿನಲ್ಲಿ ಮಾತ್ರ ಹಳ್ಳಿಯಾಗಿ ಉಳಿದಿರುವ ಮಾರೇನಹಳ್ಳಿಯಲ್ಲಿ ಬೇಸಿಗೆಯ ಸಂಜೆ ತಳ್ಳುಗಾಡಿಗಳ ಮುಂದೆ ನಿಂತರೆ ಸೌತೆಕಾಯಿ ಎರಡು ರೂಪದಲ್ಲಿ ಕಾಣುತ್ತದೆ. ಒಂದು, ಸಿಪ್ಪೆ ಹೆರೆದು, ಉದ್ದಕ್ಕೆ ಸೀಳಿ, ಉಪ್ಪು-ಖಾರ ಸವರಿ ಅಲ್ಲೇ ಕೈಗೆ ಕೊಡುವ ಎಳೆಸೌತೆ. ಇನ್ನೊಂದು, ಸೊಪ್ಪಿನ ಕಂತೆಗಳ ಪಕ್ಕದಲ್ಲಿ ರಾಶಿ ಬಿದ್ದಿರುವ, ಮನೆ ಸೇರಿ ಕೋಸಂಬರಿಯೋ ಮೊಸರುಬಜ್ಜಿಯೋ ಆಗಬೇಕಾದ ಸೌತೆ. ಆ ಕಂತೆಗಳಲ್ಲಿ ಸಬ್ಬಸಿಗೆ ಸೊಪ್ಪೂ ಇರುತ್ತದೆ. ಎದುರಿನ ಅಂಗಡಿಯಲ್ಲಿ ಮೊಸರು ಸಿಗುತ್ತದೆ. ಈ ಮೂರನ್ನೂ ಕೊಂಡು ಮನೆಗೆ ಹೊರಟವರ ಚೀಲದಲ್ಲಿ, ಅವರಿಗೇ ಅರಿವಿಲ್ಲದಂತೆ, ಜರ್ಮನಿಯ ಒಂದು ಹಳೆಯ ತಿನಿಸಿನ ಮುಕ್ಕಾಲು ಪಾಲು ಸೇರಿಕೊಂಡಿರುತ್ತದೆ.

ಆ ತಿನಿಸಿನ ಹೆಸರು ಗುರ್ಕೆನ್‌ಸಲಾಟ್. ಗುರ್ಕೆ ಎಂದರೆ ಸೌತೆ. ಕಾಗದದಷ್ಟು ತೆಳ್ಳಗೆ ಕೊಚ್ಚಿದ ಸೌತೆಕಾಯಿಗೆ ಹುಳಿಗೆನೆ, ಸ್ವಲ್ಪ ವಿನೆಗರ್, ಚಿಟಿಕೆ ಸಕ್ಕರೆ, ಈರುಳ್ಳಿ ಮತ್ತು ಸಬ್ಬಸಿಗೆ ಬೆರೆಸಿ ತಣ್ಣಗೆ ಬಡಿಸುವ ಪದಾರ್ಥ. ದಕ್ಷಿಣ ಜರ್ಮನಿಯಲ್ಲಿ ಕೆನೆಯ ಬದಲು ಎಣ್ಣೆ ಮತ್ತು ವಿನೆಗರ್ ಹಾಕುವ ವಾಡಿಕೆ ಹೆಚ್ಚು. ಉತ್ತರ ಮತ್ತು ಪೂರ್ವ ಭಾಗಗಳಲ್ಲಿ ಕೆನೆಯೇ ಪ್ರಧಾನ. ನೆರೆಯ ಪೋಲೆಂಡಿನಲ್ಲಿ ಇದರದೇ ತಂಗಿಯಂಥ ‘ಮಿಜೇರಿಯಾ’ ಇದೆ. ನಮ್ಮಲ್ಲಿ ಹಳೆ ಮೈಸೂರಿನ ಮೊಸರುಬಜ್ಜಿ ಕರಾವಳಿ, ಮಲೆನಾಡಿಗೆ ಹೋದರೆ ತೆಂಗಿನಕಾಯಿಯ ಜೊತೆ ಅರೆದ ಸಾಸಿವೆಯನ್ನು ಸೇರಿಸಿಕೊಂಡು ತಾನೇ ‘ಸಾಸಿವೆ’ ಆಗುವಂತೆ, ಅಲ್ಲಿಯೂ ಸೀಮೆ ಬದಲಾದಂತೆ ರುಚಿ ಬದಲಾಗುತ್ತದೆ.

ಜರ್ಮನರ ದಿನಬಳಕೆಯಲ್ಲಿ ಈ ತಿನಿಸು ಎಷ್ಟು ಬೆರೆತಿತ್ತೆಂಬುದಕ್ಕೆ ವಿಜ್ಞಾನದ ಚರಿತ್ರೆಯಲ್ಲೊಂದು ತಮಾಷೆಯ ಸಾಕ್ಷಿ ಇದೆ. ಶಾಲಾ ಉಪಾಧ್ಯಾಯ ಫಿಲಿಪ್ ರೈಸ್, ಗ್ರಹಾಂ ಬೆಲ್‌ಗಿಂತ ಒಂದೂವರೆ ದಶಕ ಮೊದಲೇ, 1861ರಲ್ಲಿ ತಂತಿಯ ಮೂಲಕ ಧ್ವನಿ ಸಾಗಿಸುವ ಉಪಕರಣವೊಂದನ್ನು ತೋರಿಸಿದ. ಅದರ ಪರೀಕ್ಷೆಗೆ ಆಡಿದ ಮಾತು ‘ಕುದುರೆ ಸೌತೆಕಾಯಿ ಸಲಾಡ್ ತಿನ್ನುವುದಿಲ್ಲ’ ಎಂಬುದಾಗಿತ್ತಂತೆ. ಕೇಳುವವನು ಅಂದಾಜಿನಿಂದ ಊಹಿಸಲಾಗದ ವಾಕ್ಯ ಬೇಕಿತ್ತು, ಅದಕ್ಕೇ ಈ ಅಸಂಬದ್ಧ ಮಾತು ಎನ್ನುತ್ತಾರೆ. ಇನ್ನೊಂದು ಸಂಗತಿ ಪತ್ರಿಕೆಗಳವರಿಗೇ ಸಂಬಂಧಿಸಿದ್ದು. ಸುದ್ದಿಯಿಲ್ಲದೆ ಪುಟ ತುಂಬಿಸಲು ತಿಣುಕಾಡುವ ಬೇಸಿಗೆಯ ದಿನಗಳನ್ನು ಜರ್ಮನ್ ಭಾಷೆಯಲ್ಲಿ ಇಂದಿಗೂ ‘ಹುಳಿಸೌತೆಯ ಕಾಲ’ ಎಂದೇ ಕರೆಯುತ್ತಾರೆ.

ಇಷ್ಟೆಲ್ಲ ಜರ್ಮನ್ ಆಗಿಹೋದ ಈ ಕಾಯಿ ಮೂಲತಃ ಭಾರತದ್ದು. ಹಿಮಾಲಯದ ತಪ್ಪಲಿನಲ್ಲಿ ಇಂದಿಗೂ ಕಾಡುಸೌತೆ ಬೆಳೆಯುತ್ತದೆ. ಅದು ಸಣ್ಣದು, ಬಾಯಿಗಿಡಲಾಗದಷ್ಟು ಕಹಿ. 2009ರಲ್ಲಿ ಸೌತೆಯ ಜೀನೋಮ್ ಓದಲಾಯಿತು. 2013ರಲ್ಲಿ ವಿಜ್ಞಾನಿಗಳು 115 ಬಗೆಯ ಸೌತೆಗಳ ಜೀನೋಮ್‌ಗಳನ್ನು ಹೋಲಿಸಿ ನೋಡಿದಾಗ ಅತಿ ಹೆಚ್ಚು ವೈವಿಧ್ಯ ಕಂಡದ್ದು ಭಾರತದ ಗುಂಪಿನಲ್ಲೇ. ಇಲ್ಲಿನ ಸಾಹಿತ್ಯದಲ್ಲಿಯೂ ಅದರ ನೆಂಟರು ಬಹಳ ಹಳಬರು. ಮೃತ್ಯುಂಜಯ ಮಂತ್ರದಲ್ಲಿ ತೊಟ್ಟಿನಿಂದ ತಾನಾಗಿ ಕಳಚಿಕೊಳ್ಳುವ ‘ಉರ್ವಾರುಕ’ ಸೌತೆಯೋ ಅದೇ ಕುಲದ ಕರಬೂಜವೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಚರ್ಚೆ ಇದೆಯಾದರೂ, ಬಳ್ಳಿಯ ಕಾಯೆಂಬುದರಲ್ಲಿ ಅನುಮಾನವಿಲ್ಲ.

ಸೌತೆ ಯುರೋಪನ್ನು ಮುಟ್ಟಿದ್ದು ಯಾವಾಗ? ರೋಮನ್ನರು ತಿನ್ನುತ್ತಿದ್ದುದು ಸೌತೆಯನ್ನೇ ಎಂದು ಬಹುಕಾಲ ನಂಬಲಾಗಿತ್ತು. ಆದರೆ ಹಳೆಯ ಚಿತ್ರ ಮತ್ತು ಬರಹಗಳನ್ನು ಪರಿಶೀಲಿಸಿದ ಸಸ್ಯವಿಜ್ಞಾನಿಗಳು, ಅದು ಉದ್ದನೆಯ ಹಾವಿನಾಕಾರದ ಕರಬೂಜದ ತಳಿ ಎಂದು ತೋರಿಸಿದ್ದಾರೆ. ನಿಜವಾದ ಸೌತೆ ಮಧ್ಯಯುಗದಲ್ಲಿ ಎರಡು ದಾರಿ ಹಿಡಿದು ಹೋಯಿತು: ಪರ್ಷಿಯಾದ ಮೂಲಕ ಭೂಮಾರ್ಗವಾಗಿ ಪೂರ್ವ ಯುರೋಪಿಗೆ, ಸಮುದ್ರಮಾರ್ಗವಾಗಿ ಅರಬರ ಕಾಲದ ಸ್ಪೇನಿಗೆ. ಜರ್ಮನರಿಗೆ ಅದು ದೊರೆತದ್ದು ಪೂರ್ವದ ದಾರಿಯಿಂದ ಎಂಬುದನ್ನು ಹೆಸರೇ ಹೇಳುತ್ತದೆ. ‘ಗುರ್ಕೆ’ ಎಂಬುದು ಸ್ಲಾವಿಕ್ ಭಾಷೆಗಳಿಂದ ಪಡೆದ ಪದ. ಪೋಲಿಷ್‌ನಲ್ಲಿ ಅದು ‘ಒಗೂರೆಕ್’. ಅದರ ಹಿಂದೆ ಬೈಜಾಂಟಿಯಂ ಕಾಲದ ಗ್ರೀಕ್ ಶಬ್ದವಿದೆ. ಆ ಶಬ್ದಕ್ಕೆ ‘ಬಲಿಯದ್ದು’ ಎಂಬ ಅರ್ಥದ ಮೂಲವನ್ನು ಭಾಷಾತಜ್ಞರು ಹೇಳುತ್ತಾರೆ. ಕನ್ನಡಿಗರು ಎಳೆಸೌತೆ, ಮಿಡಿಸೌತೆ ಎನ್ನುವಾಗ ಇರುವ ಭಾವವೇ ಅಲ್ಲಿಯೂ ಇದೆ. ಈ ಕಾಯನ್ನು ಹಣ್ಣಾಗುವ ಮುನ್ನವೇ ತಿನ್ನಬೇಕೆಂಬುದು ಎರಡು ಕಡೆಯವರಿಗೂ ತಿಳಿದಿತ್ತು.

ಇನ್ನು ಉಪ್ಪಿನ ವಿಚಾರ. ರಾಮನವಮಿಗೆ ಹೆಸರುಬೇಳೆ-ಸೌತೆಕಾಯಿ ಕೋಸಂಬರಿ ಮಾಡುವ ಮನೆಗಳಲ್ಲಿ ಹಿರಿಯರು ಕಿರಿಯರಿಗೆ ತಪ್ಪದೆ ಹೇಳುವ ಮಾತೊಂದಿದೆ: ಉಪ್ಪನ್ನು ಬಡಿಸುವ ಮೊದಲಷ್ಟೇ ಹಾಕು. ಮುಂಚೆಯೇ ಹಾಕಿದರೆ ಕೋಸಂಬರಿ ನೀರು ಬಿಟ್ಟುಕೊಂಡು ಕೆಡುತ್ತದೆ. ಜರ್ಮನ್ ಅಡುಗೆಮನೆಯ ಪಾಠ ಇದಕ್ಕೆ ನೇರ ವಿರುದ್ಧ: ಎಲ್ಲಕ್ಕಿಂತ ಮೊದಲು ಉಪ್ಪು ಹಾಕು, ನೀರೆಲ್ಲ ಬಿಡಲಿ, ಆಮೇಲೆ ಹಿಂಡಿ ಚೆಲ್ಲು.

ಎರಡೂ ಒಂದೇ ತತ್ವವನ್ನು ಆಧರಿಸಿವೆ. ಸೌತೆಯಲ್ಲಿ ನೂರಕ್ಕೆ ಸುಮಾರು 95 ಪಾಲು ನೀರು. ಕತ್ತರಿಸಿದ ಮೇಲ್ಮೈಗೆ ಉಪ್ಪು ಬಿದ್ದಾಗ ಹೊರಗಿನ ದ್ರಾವಣ ಒಳಗಿನದಕ್ಕಿಂತ ಗಾಢವಾಗುತ್ತದೆ. ಜೀವಕೋಶದ ಪೊರೆಯ ಮೂಲಕ ನೀರು ಹೊರಬರುತ್ತದೆ. ಕೋಸಂಬರಿಗೆ ಬೇಕಾದದ್ದು ಕಾಯಿಯ ಕುರುಕುತನ ಮತ್ತು ರಸ, ಆದ್ದರಿಂದ ನೀರು ಒಳಗೇ ಇರಬೇಕು. ಕೆನೆಯ ಸಲಾಡಿಗೆ ಬೇಕಾದದ್ದು ಬಳುಕುವ ಹೋಳು ಮತ್ತು ತೆಳುವಾಗದ ಕೆನೆ, ಆದ್ದರಿಂದ ನೀರು ಹೊರಗೆ ಹೋಗಬೇಕು. ಒಂದೇ ಉಪ್ಪು, ಹೊತ್ತು ಬೇರೆ. ಆದ್ದರಿಂದ ಪದಾರ್ಥವೂ ಬೇರೆ.

ಮನೆಯಲ್ಲಿ ಮಾಡಿ ನೋಡುವವರಿಗೆ ಕ್ರಮ ಸುಲಭವೇ. ಮಧ್ಯಮ ಗಾತ್ರದ ಎರಡು ಎಳೆಸೌತೆ ಸಾಕು. ತುದಿಯ ಚೂರನ್ನು ಬಾಯಿಗೆ ಹಾಕಿಕೊಂಡು ಕಹಿ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಕಹಿಗೆ ಕಾರಣವಾದ ಕುಕುರ್ಬಿಟಾಸಿನ್ ಎಂಬ ವಸ್ತು ತೊಟ್ಟಿನ ಬಳಿ ಮತ್ತು ಸಿಪ್ಪೆಯ ಕೆಳಗೆ ಹೆಚ್ಚಾಗಿ ಸೇರಿಕೊಂಡಿರುವುದರಿಂದ, ನಮ್ಮ ಮನೆಗಳಲ್ಲಿ ತೊಟ್ಟಿನ ಭಾಗವನ್ನು ಕತ್ತರಿಸಿ ತೆಗೆಯುವುದರಲ್ಲಿ ಅರ್ಥವಿದೆ. ತುಂಬ ಕಹಿಯಿದ್ದರೆ ಆ ಕಾಯನ್ನೇ ಬಿಡುವುದು ಲೇಸು. ಸಿಪ್ಪೆ ಹೆರೆದು ಆದಷ್ಟು ತೆಳ್ಳಗಿನ ಬಿಲ್ಲೆಗಳನ್ನಾಗಿ ಹೆಚ್ಚಿ, ಒಂದು ಚಮಚ ಉಪ್ಪು ಬೆರೆಸಿ ಅರ್ಧ ಗಂಟೆ ಬಿಡಬೇಕು. ಆಮೇಲೆ ಅಂಗೈಯಲ್ಲಿ ಹಿಡಿದು ಹಿಂಡಬೇಕು. ತಳದಲ್ಲಿ ನಿಂತ ನೀರನ್ನು ಕಂಡರೆ ಆಶ್ಚರ್ಯವಾಗುವುದುಂಟು. ಒಂದು ಬಟ್ಟಲು ಗಟ್ಟಿ ಕೆನೆಗೆ ಒಂದು ದೊಡ್ಡ ಚಮಚ ವಿನೆಗರ್ ಅಥವಾ ನಿಂಬೆರಸ, ಅರ್ಧ ಚಮಚ ಸಕ್ಕರೆ, ಮೆಣಸಿನಪುಡಿಯ ಬದಲು ಕುಟ್ಟಿದ ಕಾಳುಮೆಣಸು, ಸಣ್ಣಗೆ ಹೆಚ್ಚಿದ ಅರ್ಧ ಈರುಳ್ಳಿ, ಒಂದು ಹಿಡಿ ಸಬ್ಬಸಿಗೆ ಸೇರಿಸಿ ಹಿಂಡಿದ ಸೌತೆಯನ್ನು ಕಲಸಬೇಕು. ಮತ್ತೆ ಉಪ್ಪು ಬೇಕೇ ಎಂಬುದನ್ನು ರುಚಿ ನೋಡಿಯೇ ತೀರ್ಮಾನಿಸಬೇಕು. ಒಗ್ಗರಣೆ ಇಲ್ಲ.

ಹುಳಿಗೆನೆ ಸಿಗದಿದ್ದರೆ? ಅದು ಕೆನೆಗೆ ಹೆಪ್ಪು ಹಾಕಿ ಮಾಡಿದ್ದು. ಜಿಡ್ಡು ನೂರಕ್ಕೆ 10 ಪಾಲಾದರೂ ಇರುತ್ತದೆ. ನಮ್ಮ ಮೊಸರಿನಲ್ಲಿ ಜಿಡ್ಡು ಅದರ ಅರ್ಧದಷ್ಟೂ ಇರುವುದಿಲ್ಲ. ಮೊಸರನ್ನು ತೆಳುಬಟ್ಟೆಯಲ್ಲಿ ಕಟ್ಟಿ ಎರಡು ಗಂಟೆ ತೂಗುಹಾಕಿ, ಮೇಲೆ ಒಂದೆರಡು ಚಮಚ ಹಾಲಿನ ಕೆನೆ ಬೆರೆಸಿದರೆ ಕೊರತೆ ಬಹುಮಟ್ಟಿಗೆ ತುಂಬುತ್ತದೆ. ಮೊಸರಿನ ನೀರಿಳಿಸುವ ಈ ಉಪಾಯ ಕನ್ನಡ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿಯೇ ನೀರಿಳಿಸಿದ ಮೊಸರಿಗೆ ಸಕ್ಕರೆ ಬೆರೆಸಿದ ಶಿಖರಿಣಿಯ ಪ್ರಸ್ತಾಪವಿದೆ.

ಸಬ್ಬಸಿಗೆಯ ನಂಟು ಇನ್ನೂ ಸೊಗಸಾದದ್ದು. ಇಲ್ಲಿ ಅಕ್ಕಿರೊಟ್ಟಿಗೆ, ಬೇಳೆಯ ಪಲ್ಯಕ್ಕೆ, ಬಾಣಂತಿಯ ಊಟಕ್ಕೆ ಒದಗುವ ಈ ಸೊಪ್ಪನ್ನು ಜರ್ಮನಿಯಲ್ಲಿ ಆಡುಮಾತಿನಲ್ಲಿ ‘ಸೌತೆಯ ಸೊಪ್ಪು’ ಎಂದೂ ಕರೆಯುವುದುಂಟು. ಸೌತೆಯ ಉಪ್ಪಿನಕಾಯಿ ಭರಣಿಯಲ್ಲಿ ಅದಿಲ್ಲದಿದ್ದರೆ ಅವರಿಗೆ ಸೇರದು. ಇಷ್ಟಾದರೂ ನಮ್ಮಲ್ಲಿ ಸೌತೆಯೂ ಸಬ್ಬಸಿಗೆಯೂ ಒಂದೇ ಗಾಡಿಯಲ್ಲಿ ಪಕ್ಕಪಕ್ಕ ಕುಳಿತು, ಒಂದೇ ಪಾತ್ರೆಯಲ್ಲಿ ಸೇರುವುದು ಅಪರೂಪ.

ಈ ಕಥೆಗೆ ಇನ್ನೊಂದು ಅಧ್ಯಾಯವಿದೆ. ಅದು ಅಡುಗೆಮನೆಯದಲ್ಲ, ಹೊಲದ್ದು. 1990ರ ದಶಕದ ಆರಂಭದಲ್ಲಿ ರಫ್ತಿಗೆಂದೇ ಮಿಡಿಸೌತೆ ಬೆಳೆಯುವ ಪ್ರಯತ್ನ ಭಾರತದಲ್ಲಿ ಮೊದಲಾದದ್ದು ಕರ್ನಾಟಕದಲ್ಲಿ. ಬಳಿಕ ಅದು ತಮಿಳುನಾಡು, ಆಂಧ್ರಪ್ರದೇಶಗಳಿಗೂ ಹಬ್ಬಿತು. ಕಂಪನಿಗಳು ಬೀಜ, ಗೊಬ್ಬರ, ಸಲಹೆ ಕೊಟ್ಟು ಮೊದಲೇ ಗೊತ್ತುಮಾಡಿದ ದರಕ್ಕೆ ಕಾಯಿ ಕೊಳ್ಳುವ ಒಪ್ಪಂದ ಕೃಷಿ ಇದು. ಬೆಳೆಯ ಅವಧಿ 90 ದಿನ. ಕೇಂದ್ರ ಸರ್ಕಾರ 2022ರಲ್ಲಿ ನೀಡಿದ ಲೆಕ್ಕದಂತೆ ಸುಮಾರು 90 ಸಾವಿರ ಸಣ್ಣ ಮತ್ತು ಅತಿಸಣ್ಣ ರೈತರು 65 ಸಾವಿರ ಎಕರೆಯಲ್ಲಿ ಇದನ್ನು ಬೆಳೆಯುತ್ತಿದ್ದರು. 2020-21ರಲ್ಲಿ 2 ಲಕ್ಷ 23 ಸಾವಿರ ಟನ್‌ಗೂ ಹೆಚ್ಚು ಸೌತೆ, ಮಿಡಿಸೌತೆ ಹೊರದೇಶಗಳಿಗೆ ಹೋಗಿತ್ತು. ಕೊಂಡ ದೇಶಗಳ ಪಟ್ಟಿಯಲ್ಲಿ ಅಮೆರಿಕ, ಫ್ರಾನ್ಸ್‌ಗಳ ಜೊತೆ ಜರ್ಮನಿಯೂ ಇದೆ. ಬರ್ಲಿನ್‌ಗೆ ಸಮೀಪದ ಸ್ಪ್ರೇವಾಲ್ಡ್ ಸೀಮೆಯ ಸೌತೆಗೆ ಯುರೋಪಿನ ಒಕ್ಕೂಟ 1999ರಲ್ಲಿ ಭೌಗೋಳಿಕ ಗುರುತಿನ ರಕ್ಷಣೆ ನೀಡಿದೆ. ಅಂಥ ನಾಡಿನ ಅಂಗಡಿಗೇ ಇಲ್ಲಿನ ಕಾಯಿಯೂ ಹೋಗುತ್ತದೆ.

ಆದರೆ ಈ ಬೆಳೆಯಲ್ಲಿ ಬಿಡುವೆಂಬುದಿಲ್ಲ. ಕಾಯಿ ಚಿಕ್ಕದಿದ್ದಷ್ಟೂ ದರ ಹೆಚ್ಚು. ಒಂದು ದಿನ ತಡವಾದರೆ ಮಿಡಿ ಉಬ್ಬಿ ಕೆಳದರ್ಜೆಗೆ ಇಳಿಯುತ್ತದೆ. ಹಾಗಾಗಿ ಕೊಯ್ಲಿನ ದಿನಗಳಲ್ಲಿ ನಿತ್ಯವೂ ಬಗ್ಗಿ ಬಳ್ಳಿಯಿಂದ ಬಿಡಿಸಬೇಕು. ಮನೆಮಂದಿಯ ದುಡಿಮೆಯೇ ಇದರ ಬಂಡವಾಳ. ಕಂಪನಿ ಬೇಡವೆಂದ ಕಾಯಿಗೆ ಊರಿನ ಸಂತೆಯಲ್ಲಿ ಗಿರಾಕಿ ಸಿಗುವುದು ಕಷ್ಟ, ಏಕೆಂದರೆ ಮಿಡಿಸೌತೆ ತಿನ್ನುವ ರೂಢಿ ಇಲ್ಲಿಲ್ಲ. ಬೆಳೆದವನು ತಿನ್ನದ, ತಿನ್ನುವವನು ಕಾಣದ ಬೆಳೆಯಲ್ಲಿ ದರ ಗೊತ್ತುಮಾಡುವ ಮಾತು ಬೆಳೆದವನ ಕೈಯಲ್ಲಿ ಉಳಿಯುವುದು ಕಡಿಮೆ. ಸ್ಥಳೀಯ ನಾಲಿಗೆ ಒಂದು ಬೆಳೆಗೆ ಕೊಡುವ ರಕ್ಷಣೆ ಎಷ್ಟು ದೊಡ್ಡದೆಂಬುದು ಅದಿಲ್ಲದಾಗ ತಿಳಿಯುತ್ತದೆ.

ಹಿಮಾಲಯದ ತಪ್ಪಲಿನಿಂದ ಹೊರಟ ಬಳ್ಳಿಯೊಂದು ಪರ್ಷಿಯಾ, ಗ್ರೀಸ್, ಪೋಲೆಂಡ್ ದಾಟಿ ಜರ್ಮನಿಯ ಮೇಜಿನ ಮೇಲೆ ಸಲಾಡ್ ಆಗಿ, ಅಲ್ಲಿಯ ಬೇಡಿಕೆಯಾಗಿ ಮರಳಿ ಕರ್ನಾಟಕದ ಹೊಲಕ್ಕೆ ಬಂದಿದೆ. ಮಾರೇನಹಳ್ಳಿಯ ಅಡುಗೆಮನೆಯಲ್ಲಿ ಯಾರಾದರೂ ಒಂದು ಸಂಜೆ ಸೌತೆ ಹಿಂಡಿ, ಕಟ್ಟಿದ ಮೊಸರಿಗೆ ಸಬ್ಬಸಿಗೆ ಬೆರೆಸಿದರೆ ಅದು ಪರದೇಶದ ಅಡುಗೆಯಷ್ಟೇ ಆಗಲಾರದು. ದೂರ ಹೋಗಿದ್ದ ಮಗಳು ಹೊಸ ಊರಿನ ರುಚಿ ಕಲಿತು ತವರಿಗೆ ಬಂದಂತೆಯೂ ಆಗುತ್ತದೆ. ಆದರೆ ರಾಮನವಮಿಯ ಕೋಸಂಬರಿಗೆ ಮಾತ್ರ ಉಪ್ಪನ್ನು ಕೊನೆಯಲ್ಲೇ ಹಾಕಬೇಕು.